ಗೋಡೆಯ ಮೇಲಿನ ದೇವರು

ಮನೆಯ ಗೋಡೆಯ ಮೇಲೆ ಯಾವ ಪಟ ತೂಗಬೇಕು, ಯಾವ ಸೂಕ್ತಿ ಬರೆಯಿಸಬೇಕು ಎಂಬುದು ಆ ಮನೆಯ ಯಜಮಾನನಿಗೆ ಸೇರಿದ ವಿಷಯ. ದೇವಸ್ಥಾನ, ಮಸೀದಿ, ಇಗರ್ಜಿ, ಬಸದಿ ಇವುಗಳ ಗೋಡೆಯ ವಿಚಾರ ಆಯಾ ಭಕ್ತರಿಗೆ ಸೇರಿದ್ದು. ಹೊರಗಿನವನು ಆಕ್ಷೇಪಣೆ ಎತ್ತಿದರೆ ‘ನಿನಗೇನಯ್ಯ ಇಲ್ಲಿ ಕೆಲಸ?’ ಎಂದು ಕೇಳಿದರೂ ತಪ್ಪಾಗದು. ಆದರೆ ಸರ್ಕಾರದ ಕಟ್ಟಡದ ಗೋಡೆ ಯಾರದು? ತೆರಿಗೆ ಕೊಡುವವರೆಲ್ಲರದೂ ಹೌದಲ್ಲವೆ? ಅಲ್ಲಿಗೆ ಬರುವವರು ಭಕ್ತಿಯಿಂದ ಬರುವುದಿಲ್ಲ. ಸಮನ್ಸು ಬಂದಿತೆಂದು, ಕಂದಾಯ ಕಟ್ಟಬೇಕೆಂದು, ಖಾತೆ ಬದಲಾಯಿಸಬೇಕೆಂದು, ಮಗುವಿನ ಜನನಪತ್ರ ಬೇಕೆಂದು ಬರುತ್ತಾರೆ. ಈ ಕಚೇರಿ ಬೇಡವೆಂದರೆ ಪಕ್ಕದ ಬೀದಿಯ ಇನ್ನೊಂದು ಕಚೇರಿಗೆ ಹೋಗುವಂತೆಯೂ ಇಲ್ಲ. ಇಂಥ ಗೋಡೆಯ ಮೇಲೆ ದೇವರ ಹೆಸರು ಇರಬೇಕೆ? ಇದ್ದರೆ ಯಾವ ದೇವರದು, ಯಾರ ಮಾತಿನಲ್ಲಿ?

ಈ ಪ್ರಶ್ನೆ ಕೇಳಿದವರೆಲ್ಲ ದೇವರ ಮೇಲೆ ಮುನಿಸಿಕೊಂಡ ನಾಸ್ತಿಕರೇ ಇರಬೇಕೆಂಬುದು ಸಾಮಾನ್ಯವಾದ ಭಾವನೆ. ಇಂಗ್ಲೆಂಡ್, ಅಮೆರಿಕಗಳಲ್ಲಿ ಇನ್ನೂರು ವರ್ಷಗಳಿಗೂ ಮಿಕ್ಕು ನಡೆದುಬಂದ ಈ ವ್ಯಾಜ್ಯದ ಚರಿತ್ರೆಯನ್ನು ಕೆಲವು ಕಾಲದಿಂದ ಓದುತ್ತ ಬಂದಿರುವ ನನಗೆ ಎರಡು ಸಂಗತಿಗಳು ಆಶ್ಚರ್ಯವನ್ನುಂಟುಮಾಡಿವೆ. ಗೋಡೆಯ ಮೇಲಿನ ದೇವರನ್ನು ಬೇಡವೆಂದವರ ಸಾಲಿನಲ್ಲಿ ದೈವಭಕ್ತರೂ ಪಾದ್ರಿಗಳೂ ನಿಂತಿದ್ದರು ಎಂಬುದು ಒಂದು. ಆ ದೇವರನ್ನು ಉಳಿಸಿಕೊಳ್ಳಲು ಹೊರಟವರಿಗೆ ನ್ಯಾಯಾಲಯದಲ್ಲಿ ‘ಈ ಮಾತಿಗೆ ಈಗ ಅಂಥ ಅರ್ಥವೇನೂ ಉಳಿದಿಲ್ಲ’ ಎಂಬ ವಾದವೇ ಆಸರೆಯಾಯಿತು ಎಂಬುದು ಇನ್ನೊಂದು. ಈ ಎರಡು ಎಳೆಗಳನ್ನು ಹಿಡಿದು ಕಥೆ ಹೇಳುತ್ತೇನೆ.

ಮೊದಮೊದಲು ದೇವರ ಹೆಸರು ಇದ್ದದ್ದು ಗೋಡೆಯ ಮೇಲಲ್ಲ, ಬಾಗಿಲಲ್ಲಿ. ಇಂಗ್ಲೆಂಡಿನ ಪಾರ್ಲಿಮೆಂಟಿಗೆ ಆಯ್ಕೆಯಾದವನು ಸದನದಲ್ಲಿ ಕೂರುವ ಮೊದಲು ಪ್ರತಿಜ್ಞೆ ಮಾಡಬೇಕಾಗಿತ್ತು. ಆ ಪ್ರತಿಜ್ಞೆಯ ಕೊನೆಗೆ ‘ಕ್ರೈಸ್ತನ ನಿಜವಾದ ಶ್ರದ್ಧೆಯ ಮೇಲೆ’ ಎಂಬ ಮಾತು ಬರುತ್ತಿತ್ತು. 1847ರಲ್ಲಿ ಲಂಡನ್ ನಗರದ ಮತದಾರರು ಲಯೊನೆಲ್ ಡಿ ರಾತ್ಸ್‌ಚೈಲ್ಡ್ ಎಂಬ ಯೆಹೂದ್ಯನನ್ನು ಆರಿಸಿ ಕಳುಹಿಸಿದರು. ಅವನಿಗೆ ಹಣಕ್ಕೆ ಕೊರತೆಯಿರಲಿಲ್ಲ, ಮತಕ್ಕೂ ಕೊರತೆಯಿರಲಿಲ್ಲ. ಆದರೆ ಆ ನಾಲ್ಕು ಮಾತು ಅವನ ಬಾಯಲ್ಲಿ ಬರುವಂತಿರಲಿಲ್ಲ. ಮತದಾರರು ಮತ್ತೆ ಮತ್ತೆ ಅವನನ್ನೇ ಆರಿಸಿದರು. ಕೆಳಮನೆ ಮತ್ತೆ ಮತ್ತೆ ಮಸೂದೆ ಮಾಡಿತು. ಮೇಲ್ಮನೆಯ ಪ್ರಭುಗಳು ಮತ್ತೆ ಮತ್ತೆ ತಳ್ಳಿಹಾಕಿದರು. ಕೊನೆಗೆ 1858ರಲ್ಲಿ ಅವನು ಒಳಗೆ ಕುಳಿತ. ಹನ್ನೊಂದು ವರ್ಷ ಒಂದು ನಗರದ ಪ್ರತಿನಿಧಿಯನ್ನು ನಾಲ್ಕು ಮಾತುಗಳು ಬಾಗಿಲಲ್ಲಿ ನಿಲ್ಲಿಸಿದ್ದವು.

ಅವನ ನಂತರ ಬಂದವನು ಚಾರ್ಲ್ಸ್ ಬ್ರಾಡ್ಲಾ. ಇವನು ಬಹಿರಂಗವಾಗಿಯೇ ನಾಸ್ತಿಕ. 1866ರಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ಸೆಕ್ಯುಲರ್ ಸಂಘವನ್ನು ಸ್ಥಾಪಿಸಿದವನು. 1880ರಲ್ಲಿ ನಾರ್ಥಾಂಪ್ಟನ್ ಪಟ್ಟಣದಿಂದ ಆಯ್ಕೆಯಾಗಿ ಬಂದಾಗ, ‘ದೇವರ ಹೆಸರಿನಲ್ಲಿ ಪ್ರಮಾಣ ಮಾಡುವ ಬದಲು ಸತ್ಯಪ್ರತಿಜ್ಞೆ ಮಾಡುತ್ತೇನೆ’ ಎಂದ. ಆಗದು ಎಂದರು. ಹಾಗಾದರೆ ಪ್ರಮಾಣವನ್ನೇ ಮಾಡುತ್ತೇನೆ ಎಂದ. ಅದೂ ಆಗದು, ನಾಸ್ತಿಕನ ಬಾಯಲ್ಲಿ ದೇವರ ಹೆಸರು ಬಂದರೆ ಅದಕ್ಕೆ ಬೆಲೆಯೇನು ಎಂದರು! ಹಟ ಹಿಡಿದವನನ್ನು ಒಂದು ರಾತ್ರಿ ಗಡಿಯಾರದ ಗೋಪುರದಲ್ಲಿ ಕೂಡಿಹಾಕಿದರು. ಮರುವರ್ಷ ಪೋಲೀಸರಿಂದ ಹೊರಕ್ಕೆ ಎಳೆಸಿದರು. ಸ್ಥಾನ ತೆರವಾದಾಗಲೆಲ್ಲ, ಅಂದರೆ 1881, 1882, 1884ರಲ್ಲಿ, ನಾರ್ಥಾಂಪ್ಟನ್ನಿನ ಜನ ಅವನನ್ನೇ ತಿರುಗಿ ಕಳುಹಿಸಿದರು.

ಇಲ್ಲಿ ಗಮನಿಸಬೇಕಾದ ವ್ಯಕ್ತಿ ಬ್ರಾಡ್ಲಾ ಮಾತ್ರನಲ್ಲ, ಆಗ ಪ್ರಧಾನಿಯಾಗಿದ್ದ ಗ್ಲ್ಯಾಡ್‌ಸ್ಟನ್ ಕೂಡ. ಅಂಥ ಶ್ರದ್ಧಾವಂತ ಕ್ರೈಸ್ತ ಆ ಸದನದಲ್ಲಿ ಇನ್ನೊಬ್ಬನಿರಲಿಲ್ಲವೆಂದರೂ ಸಲ್ಲುತ್ತದೆ. ಆದರೂ 1883ರಲ್ಲಿ ಬ್ರಾಡ್ಲಾನಂಥವರಿಗೆ ಸತ್ಯಪ್ರತಿಜ್ಞೆಯ ದಾರಿ ತೆರೆಯುವ ಮಸೂದೆಯ ಪರವಾಗಿ ನಿಂತು ವಾದಿಸಿದವನು ಅವನೇ. ಮೂರೇ ಮೂರು ಮತಗಳಿಂದ ಆ ಮಸೂದೆ ಬಿದ್ದುಹೋಯಿತು. 1886ರಲ್ಲಿ ಹೊಸ ಸದನದ ಸಭಾಧ್ಯಕ್ಷರು ಗೊಂದಲಕ್ಕೆ ಎಡೆಗೊಡದೆ ಬ್ರಾಡ್ಲಾನಿಂದ ಪ್ರಮಾಣ ಮಾಡಿಸಿ ಕೂರಿಸಿದರು. 1888ರಲ್ಲಿ ಸತ್ಯಪ್ರತಿಜ್ಞೆ ಎಲ್ಲರ ಹಕ್ಕಾಯಿತು. ಮರುವರ್ಷ ಈ ಮನುಷ್ಯ ಮುಂಬಯಿಯ ಕಾಂಗ್ರೆಸ್ ಅಧಿವೇಶನಕ್ಕೆ ಬಂದಿದ್ದ. ಭಾರತದ ಬವಣೆಯನ್ನು ಪಾರ್ಲಿಮೆಂಟಿನಲ್ಲಿ ಎತ್ತಿ ಹೇಳುತ್ತಿದ್ದವನೆಂದು ನಮ್ಮವರಿಗೆ ಅವನಲ್ಲಿ ವಿಶೇಷ ಗೌರವ. 1891ರಲ್ಲಿ ಅವನು ತೀರಿಕೊಂಡಾಗ ಅಂತ್ಯಸಂಸ್ಕಾರಕ್ಕೆ ಹೋದ ಲಂಡನ್ನಿನ ಭಾರತೀಯರಲ್ಲಿ ಕಾನೂನು ಓದುತ್ತಿದ್ದ ಒಬ್ಬ ತರುಣನೂ ಇದ್ದ. ಅವನ ಹೆಸರು ಮೋಹನದಾಸ ಕರಮಚಂದ ಗಾಂಧಿ. ರಾಮನಾಮವನ್ನು ಕೊನೆಯವರೆಗೂ ಬಿಡದ ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಈ ನಾಸ್ತಿಕನ ಅಂತ್ಯಯಾತ್ರೆಯನ್ನು ನೆನೆದಿದ್ದಾರೆ.

ಬಾಗಿಲ ಕಥೆ ಅಮೆರಿಕದಲ್ಲಿ ಬೇರೆ ತೆರನಾಗಿ ನಡೆಯಿತು. 1787ರಲ್ಲಿ ಆ ದೇಶದ ಸಂವಿಧಾನವನ್ನು ಬರೆದವರು ಅದರ ವಿಧಿಗಳಲ್ಲಿ ದೇವರ ಹೆಸರನ್ನು ತರಲಿಲ್ಲ. ಯಾವ ಸರ್ಕಾರಿ ಹುದ್ದೆಗೂ ಮತಧರ್ಮದ ಪರೀಕ್ಷೆ ಇರಕೂಡದೆಂದು ಆರನೆಯ ವಿಧಿಯಲ್ಲಿ ಸ್ಪಷ್ಟವಾಗಿಯೇ ಬರೆದರು. ಇದಕ್ಕೆ ಎರಡು ವರ್ಷ ಮುಂಚೆ ವರ್ಜೀನಿಯ ರಾಜ್ಯದಲ್ಲಿ ಕ್ರೈಸ್ತ ಬೋಧಕರ ಪೋಷಣೆಗೆಂದು ಒಂದು ತೆರಿಗೆ ಹಾಕುವ ಯತ್ನ ನಡೆದಿತ್ತು. ಜೇಮ್ಸ್ ಮ್ಯಾಡಿಸನ್ ಅದರ ವಿರುದ್ಧ ಒಂದು ಮನವಿ ಬರೆದ. ಆ ತೆರಿಗೆಗೆ ಎದುರಾಗಿ ಬಹು ದೊಡ್ಡ ಸಂಖ್ಯೆಯಲ್ಲಿ ಮುಂದೆ ಬಂದವರು ಯಾರು? ಬ್ಯಾಪ್ಟಿಸ್ಟ್ ಪಂಥದ ಕ್ರೈಸ್ತರು. ಅನುಮತಿಯಿಲ್ಲದೆ ಉಪದೇಶ ಮಾಡಿದರೆಂದು ಸೆರೆಮನೆ ಕಂಡಿದ್ದ ಬೋಧಕರು ಅವರಲ್ಲಿದ್ದರು. ಸರ್ಕಾರ ಧರ್ಮದ ಮಾತಾಡಲು ಹೊರಟರೆ ಬಲವಂತರ ಧರ್ಮದ ಮಾತನ್ನೇ ಆಡುತ್ತದೆ, ತಮ್ಮಂಥ ಸಣ್ಣ ಪಂಥದವರ ಮಾತನ್ನಲ್ಲ ಎಂಬುದನ್ನು ಅವರು ಮೈಮೇಲಿನ ಬಾಸುಂಡೆಗಳಿಂದ ಕಲಿತಿದ್ದರು. ಮುಂದೆ 1802ರಲ್ಲಿ ಅಧ್ಯಕ್ಷ ಜೆಫರ್ಸನ್ ಧರ್ಮಕ್ಕೂ ಸರ್ಕಾರಕ್ಕೂ ನಡುವೆ ಒಂದು ಗೋಡೆ ಇರಬೇಕೆಂಬ ಪ್ರಸಿದ್ಧವಾದ ಮಾತನ್ನು ಬರೆದದ್ದೂ ಡ್ಯಾನ್‌ಬರಿ ಎಂಬಲ್ಲಿನ ಬ್ಯಾಪ್ಟಿಸ್ಟರಿಗೆ ಕೊಟ್ಟ ಉತ್ತರದಲ್ಲಿಯೇ.

ಹಾಗೆಂದು ರಾಜ್ಯಗಳ ಬಾಗಿಲುಗಳೆಲ್ಲ ತೆರೆದಿರಲಿಲ್ಲ. ಮೇರಿಲ್ಯಾಂಡ್ ರಾಜ್ಯದಲ್ಲಿ ನೋಟರಿಯಾಗಬೇಕಾದವನು ಕೂಡ ದೇವರಿದ್ದಾನೆಂದು ಘೋಷಿಸಬೇಕಾಗಿತ್ತು. ಕಾಗದ ಪತ್ರಗಳ ಮೇಲೆ ಮುದ್ರೆ ಒತ್ತುವ ಕೆಲಸಕ್ಕೆ ಆಸ್ತಿಕ್ಯದ ಅಗತ್ಯವೇನು? ಒಬ್ಬಾತ ಹೀಗೆಯೇ ಕೇಳಿ ಕೋರ್ಟಿಗೆ ಹೋದ. 1961ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಒಮ್ಮತದಿಂದ ಅವನ ಪರವಾಗಿ ತೀರ್ಪಿತ್ತಿತು. ಬಾಗಿಲಿಗೆ ಸಂಬಂಧಪಟ್ಟ ಹೋರಾಟ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು. ಆದರೆ ಅಷ್ಟರಲ್ಲಿ ದೇವರ ಹೆಸರು ಬಾಗಿಲು ಬಿಟ್ಟು ಗೋಡೆ ಏರುವ ಸಿದ್ಧತೆ ಆಗಿತ್ತು.

ಗೋಡೆಗೆ ಹೋಗುವ ದಾರಿ ನಾಣ್ಯದ ಮೂಲಕ ಹಾದಿತ್ತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಯಿತು. ಆ ವರ್ಷ ಪೆನ್ಸಿಲ್ವೇನಿಯದ ಒಬ್ಬ ಪಾದ್ರಿ, ಖಜಾನೆಯ ಮಂತ್ರಿಗೆ ಕಾಗದ ಬರೆದ: ನಮ್ಮ ಗಣರಾಜ್ಯ ನಾಶವಾಗಿಹೋದರೆ, ಮುಂದಿನ ಕಾಲದವರು ನಾಣ್ಯಗಳನ್ನು ಅಗೆದು ನೋಡಿ ನಮ್ಮನ್ನು ದೇವರಿಲ್ಲದ ಜನವೆಂದು ತಿಳಿಯಲಾರರೆ? ಮಂತ್ರಿಗೆ ಈ ಮಾತು ಹಿಡಿಸಿತು. 1864ರಲ್ಲಿ ಎರಡು ಸೆಂಟಿನ ನಾಣ್ಯದ ಮೇಲೆ ‘ದೇವರಲ್ಲಿ ನಮ್ಮ ವಿಶ್ವಾಸ’ ಎಂಬ ಮಾತು ಮೊದಲ ಸಲ ಅಚ್ಚಾಯಿತು.

1907ರಲ್ಲಿ ಹೊಸ ಚಿನ್ನದ ನಾಣ್ಯಗಳನ್ನು ಟಂಕಿಸುವಾಗ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಈ ಮಾತನ್ನು ಬಿಡಿಸಿದ. ದೇಶದ ತುಂಬ ಗುಲ್ಲೆದ್ದಿತು. ರೂಸ್‌ವೆಲ್ಟ್ ನಾಸ್ತಿಕನಾಗಿರಲಿಲ್ಲ. ಇಷ್ಟು ಗಂಭೀರವಾದ ಮಾತನ್ನು ದುಡ್ಡಿನ ಮೇಲೆ ಹಾಕುವುದು ದೈವದ್ರೋಹಕ್ಕೆ ಸಮೀಪವಾದದ್ದು, ಅದು ಭಕ್ತಿಯನ್ನು ಹುಟ್ಟಿಸುವುದಿಲ್ಲ, ಹಾಸ್ಯವನ್ನು ಹುಟ್ಟಿಸುತ್ತದೆ ಎಂದು ಅವನು ಉತ್ತರ ಕೊಟ್ಟ. ದೇವರ ಹೆಸರನ್ನು ಜೂಜಿನ ಮೇಜಿನ ಮೇಲೂ ಹೆಂಡದಂಗಡಿಯ ಗಲ್ಲಾಪೆಟ್ಟಿಗೆಯಲ್ಲೂ ಉರುಳಾಡಿಸಬೇಡಿ ಎಂದು ಭಕ್ತನೊಬ್ಬ ಹೇಳಿದರೆ ನಮಗೇನೂ ವಿಚಿತ್ರವೆನಿಸದು. ಆದರೆ ಅಲ್ಲಿನ ಶಾಸನಸಭೆ ಕೇಳಲಿಲ್ಲ. ಮರುವರ್ಷವೇ ಕಾನೂನು ಮಾಡಿ ಆ ಮಾತನ್ನು ಮರಳಿ ಹಾಕಿಸಿತು.

ಎರಡನೆಯ ಮಹಾಯುದ್ಧ ಮುಗಿದು ರಷ್ಯದೊಡನೆ ಶೀತಲ ಸಮರ ಆರಂಭವಾದ ಮೇಲೆ ಈ ಮಾತಿಗೆ ಹೊಸ ಜೀವ ಬಂದಿತು. ಕಮ್ಯೂನಿಸ್ಟರು ದೇವರನ್ನು ಒಪ್ಪದವರು. ಆದ್ದರಿಂದ ದೇವರನ್ನು ಒಪ್ಪುವುದೇ ಅಮೆರಿಕನ್ನರ ಲಕ್ಷಣವೆಂಬ ತರ್ಕ ಹುಟ್ಟಿತು. 1954ರಲ್ಲಿ ಶಾಲೆಯ ಮಕ್ಕಳು ಧ್ವಜದ ಮುಂದೆ ಹೇಳುವ ಪ್ರತಿಜ್ಞೆಯೊಳಕ್ಕೆ ದೇವರ ಹೆಸರು ಸೇರಿತು. 1955ರಲ್ಲಿ ನಾಣ್ಯ ನೋಟುಗಳೆಲ್ಲದರ ಮೇಲೂ ಆ ವಾಕ್ಯವಿರಬೇಕೆಂದು ಕಾನೂನಾಯಿತು. 1956ರಲ್ಲಿ ಅದೇ ರಾಷ್ಟ್ರದ ಧ್ಯೇಯವಾಕ್ಯವಾಯಿತು. 1962ರಲ್ಲಿ, ಸರ್ಕಾರ ರಚಿಸಿಕೊಟ್ಟ ಪ್ರಾರ್ಥನೆಯನ್ನು ಸರ್ಕಾರಿ ಶಾಲೆಗಳಲ್ಲಿ ಹೇಳಿಸಕೂಡದೆಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ವರ್ಷದಲ್ಲಿಯೇ, ಪ್ರತಿನಿಧಿ ಸಭೆಯ ಅಧ್ಯಕ್ಷಪೀಠದ ಮೇಲ್ಗಡೆ ಗೋಡೆಯಲ್ಲಿ ಆ ವಾಕ್ಯ ಬಂದು ಕುಳಿತಿತು. ಸಂವಿಧಾನ ಬರೆದವರ ಕಾಲದಿಂದ ಬಂದ ಸಂಪ್ರದಾಯವೆಂದು ಬಹು ಜನ ತಿಳಿದಿರುವ ಈ ವಾಕ್ಯ, ಗೋಡೆಗೆ ಬಂದದ್ದು ನಮ್ಮ ವಿಧಾನಸೌಧ ಕಟ್ಟಿ ಮುಗಿದ ಮೇಲೆ ಎಂಬುದನ್ನು ಓದುಗರು ಗಮನಿಸಬೇಕು.

ವಾಕ್ಯದ ಹಿಂದೆಯೇ ಶಿಲೆಯೂ ಬಂದಿತು. ಅಮೆರಿಕದ ‘ಈಗಲ್ಸ್’ ಎಂಬ ಸೋದರ ಸಂಘದವರು 1950ರ ದಶಕದಲ್ಲಿ ಬೈಬಲಿನ ದಶಾಜ್ಞೆಗಳನ್ನು ಕೆತ್ತಿದ ಕಲ್ಲುಗಳನ್ನು ಊರೂರಿಗೆ ದಾನ ಕೊಡತೊಡಗಿದರು. ದಾರಿ ತಪ್ಪಿದ ಹುಡುಗರಿಗೆ ನಡತೆಯ ಕಟ್ಟಳೆ ಗೊತ್ತಾಗಲಿ ಎಂಬುದು ಅದರ ಮೂಲ ಉದ್ದೇಶ. ಮಿನ್ನೆಸೋಟದ ಒಬ್ಬ ನ್ಯಾಯಾಧೀಶರ ಯೋಚನೆ ಅದು. 1956ರಲ್ಲಿ ದಶಾಜ್ಞೆಗಳ ಕಥೆಯನ್ನು ಭಾರಿ ಚಲನಚಿತ್ರವಾಗಿ ತೆಗೆದ ಸೆಸಿಲ್ ಡಿಮಿಲ್ ಈ ಕೆಲಸಕ್ಕೆ ಕೈಜೋಡಿಸಿದ. ಧರ್ಮಶ್ರದ್ಧೆ, ಸಮಾಜಸೇವೆ, ಚಿತ್ರದ ಪ್ರಚಾರ ಮೂರೂ ಒಂದೇ ಕಲ್ಲಿನಲ್ಲಿ ಕೂಡಿಕೊಂಡವು.

ಇಲ್ಲಿ ಒಂದು ಸೂಕ್ಷ್ಮವಿದೆ. ದಶಾಜ್ಞೆ ಎಂದೊಡನೆ ಅದು ಎಲ್ಲರಿಗೂ ಒಂದೇ ಎಂದು ನಾವು ಭಾವಿಸುತ್ತೇವೆ. ಹಾಗಿಲ್ಲ. ಯೆಹೂದ್ಯರ ಎಣಿಕೆಯಲ್ಲಿ ‘ಈಜಿಪ್ಟಿನಿಂದ ನಿನ್ನನ್ನು ಬಿಡಿಸಿ ತಂದ ದೇವರು ನಾನು’ ಎಂಬುದೇ ಮೊದಲನೆಯ ವಾಕ್ಯ. ವಿಗ್ರಹ ಮಾಡಬೇಡ ಎಂಬುದನ್ನು ಪ್ರಾಟೆಸ್ಟಂಟರಲ್ಲಿ ಹೆಚ್ಚಿನವರು ಪ್ರತ್ಯೇಕ ಆಜ್ಞೆಯಾಗಿ ಎಣಿಸಿದರೆ, ಕ್ಯಾಥೊಲಿಕರು ಅದನ್ನು ಮೊದಲನೆಯದರಲ್ಲೇ ಸೇರಿಸಿಕೊಂಡು ಕೊನೆಯ ಆಜ್ಞೆಯನ್ನು ಎರಡಾಗಿ ಒಡೆಯುತ್ತಾರೆ. ಸರ್ಕಾರ ತನ್ನ ಅಂಗಳದಲ್ಲಿ ಈ ಕಲ್ಲನ್ನು ನಿಲ್ಲಿಸಬೇಕಾದರೆ ಯಾವುದೋ ಒಂದು ಪಾಠವನ್ನು ಆರಿಸಲೇಬೇಕು, ಇಲ್ಲವೆ ಎಲ್ಲವನ್ನೂ ಬೆರಸಿ ಯಾರದೂ ಅಲ್ಲದ ಹೊಸ ಪಾಠವೊಂದನ್ನು ಕಟ್ಟಬೇಕು. ಎರಡೂ ಮಠಾಧಿಪತಿಯ ಕೆಲಸ, ಜಿಲ್ಲಾಧಿಕಾರಿಯದಲ್ಲ.

ಅಲಬಾಮ ರಾಜ್ಯದಲ್ಲಿ ಈ ಕಥೆ ನಾಟಕದ ರೂಪವನ್ನೇ ತಾಳಿತು. ರಾಯ್ ಮೂರ್ ಎಂಬ ನ್ಯಾಯಾಧೀಶ ತನ್ನ ಕೋರ್ಟಿನ ಗೋಡೆಗೆ ದಶಾಜ್ಞೆಯ ಮರದ ಹಲಗೆ ತೂಗಿಹಾಕಿ ಹೆಸರು ಮಾಡಿದವನು. 2000ದಲ್ಲಿ ಚುನಾವಣೆಯಲ್ಲಿ ಗೆದ್ದು ಆ ರಾಜ್ಯದ ಮುಖ್ಯ ನ್ಯಾಯಾಧೀಶನಾದ. 2001ರ ಜುಲೈ 31ರ ರಾತ್ರಿ, ಮಾಂಟ್ಗೊಮರಿ ನಗರದ ನ್ಯಾಯಾಂಗ ಕಟ್ಟಡದ ದುಂಡು ಹಜಾರದೊಳಕ್ಕೆ, ಸಹ ನ್ಯಾಯಾಧೀಶರಿಗೂ ಮೊದಲೇ ತಿಳಿಸದೆ, 5,280 ಪೌಂಡು ತೂಕದ ಕಲ್ಲೊಂದನ್ನು ತರಿಸಿ ನಿಲ್ಲಿಸಿದ. ಬೆಳಗಾಗೆದ್ದು ಕಟ್ಟಡದೊಳಕ್ಕೆ ಕಾಲಿಟ್ಟವರಿಗೆ ಎದುರಿಗೇ ದಶಾಜ್ಞೆ. ಅದೇ ಹಜಾರದಲ್ಲಿ ಮಾರ್ಟಿನ್ ಲೂಥರ್ ಕಿಂಗರ ಪ್ರಸಿದ್ಧ ಭಾಷಣದ ಶಿಲಾಲೇಖವನ್ನೂ ಇಡೋಣವೆಂದು ಕರಿಯ ಜನಾಂಗದ ಶಾಸಕರೊಬ್ಬರು ಕೇಳಿದರು, ಇಲ್ಲವೆಂದ. ಪರಮಾಣುವಿನ ಚಿಹ್ನೆಯೊಂದನ್ನು ಇಡುತ್ತೇವೆಂದು ನಾಸ್ತಿಕರ ಸಂಘದವರು ಕೇಳಿದರು, ಅದಕ್ಕೂ ಇಲ್ಲವೆಂದ. ಹಜಾರ ಎಲ್ಲರದಾಗಿತ್ತು, ಆದರೆ ಮಾತು ಒಬ್ಬನದೇ.

ಆ ಕಟ್ಟಡದಲ್ಲಿ ದಿನವೂ ಓಡಾಡಬೇಕಾಗಿದ್ದ ಮೂವರು ವಕೀಲರು ದಾವೆ ಹೂಡಿದರು. ವಕೀಲನಾದವನು ಮುಖ್ಯ ನ್ಯಾಯಾಧೀಶನ ಮೇಲೆಯೇ ದಾವೆ ಹೂಡುವುದೆಂದರೆ ಸಣ್ಣ ಧೈರ್ಯವಲ್ಲ. ನಾಳೆ ಅವನ ಮುಂದೆಯೇ ಕಕ್ಷಿಗಾರನ ಪರವಾಗಿ ನಿಲ್ಲಬೇಕು. 2002ರಲ್ಲಿ ಫೆಡರಲ್ ನ್ಯಾಯಾಲಯ ಕಲ್ಲನ್ನು ತೆಗೆಯಬೇಕೆಂದಿತು. ಮರುವರ್ಷ ಮೇಲಿನ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಮೂರ್ ಒಪ್ಪಲಿಲ್ಲ. ಕೊನೆಗೆ ಅವನ ಎಂಟು ಮಂದಿ ಸಹ ನ್ಯಾಯಾಧೀಶರು ಅವನ ಮಾತನ್ನು ಮೀರಿ ಅಪ್ಪಣೆ ಕೊಟ್ಟು, 2003ರ ಆಗಸ್ಟ್ 27ರಂದು ಕಲ್ಲನ್ನು ಹಜಾರದಿಂದ ಸರಿಸಿದರು. ಹೊರಗೆ ಮೆಟ್ಟಿಲ ಮೇಲೆ ಜನ ಮೊಣಕಾಲೂರಿ ಅಳುತ್ತಿದ್ದರು. ಆ ಅಳು ನಾಟಕವಾಗಿರಲಿಲ್ಲವೆಂದೇ ನಾನು ನಂಬುತ್ತೇನೆ. ನ್ಯಾಯಾಲಯದ ಆಜ್ಞೆ ಮೀರಿದ್ದಕ್ಕಾಗಿ ಅದೇ ನವೆಂಬರಿನಲ್ಲಿ ಮೂರ್ ಪದವಿ ಕಳೆದುಕೊಂಡ. 2012ರಲ್ಲಿ ಮತದಾರರು ಅವನನ್ನು ಮತ್ತೆ ಅದೇ ಪದವಿಗೆ ಆರಿಸಿದರು ಎಂಬುದನ್ನೂ ಹೇಳಬೇಕು; ಚರಿತ್ರೆ ಒಂದೇ ದಿಕ್ಕಿಗೆ ಹರಿಯುವ ಹೊಳೆಯಲ್ಲ.

ಟೆಕ್ಸಾಸಿನ ಕಥೆ ಇನ್ನೊಂದು ಬಗೆಯದು. ಅಲ್ಲಿನ ಶಾಸನಸಭಾ ಭವನದ ಅಂಗಳದಲ್ಲಿ ‘ಈಗಲ್ಸ್’ ಸಂಘದವರು ಕೊಟ್ಟ ಕಲ್ಲು 1961ರಿಂದಲೂ ಇತ್ತು. ಅದನ್ನು ಪ್ರಶ್ನಿಸಿದವನು ಸನ್ನದು ಅಮಾನತಾಗಿದ್ದ, ತಲೆಯ ಮೇಲೊಂದು ಸೂರೂ ಇಲ್ಲದ ಒಬ್ಬ ವಕೀಲ. ಪಕ್ಕದ ಕಟ್ಟಡದಲ್ಲಿದ್ದ ಕಾನೂನು ಪುಸ್ತಕಾಲಯಕ್ಕೆ ದಿನವೂ ಆ ಕಲ್ಲನ್ನು ಹಾದೇ ಹೋಗುತ್ತಿದ್ದ. ಅಲ್ಲಿಯೇ ಕುಳಿತು ಓದಿ, ತಾನೇ ದಾವೆ ಬರೆದು ಹಾಕಿದ. ಅದು ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2005ರ ಜೂನ್ 27ರಂದು ಆ ಕೋರ್ಟು ಒಂದೇ ದಿನ ಎರಡು ತೀರ್ಪು ಕೊಟ್ಟಿತು. ಕೆಂಟಕಿಯ ಕೋರ್ಟು ಕಟ್ಟಡಗಳಲ್ಲಿ 1999ರಲ್ಲಿ ತೂಗಿಹಾಕಿದ್ದ ದಶಾಜ್ಞೆಯ ಪಟಗಳು ಸಲ್ಲವು. ಟೆಕ್ಸಾಸಿನ ಕಲ್ಲು ಸಲ್ಲುತ್ತದೆ. ಎರಡೂ ಐದಕ್ಕೆ ನಾಲ್ಕರ ಬಹುಮತ. ಎರಡರಲ್ಲಿಯೂ ಗೆದ್ದ ಪಕ್ಷದ ಕಡೆ ಇದ್ದ ನ್ಯಾಯಾಧೀಶ ಬ್ರೇಯರ್ ಒಬ್ಬರೇ. ನಲವತ್ತು ವರ್ಷ ಯಾರೂ ದೂರದೆ ನಿಂತ ಕಲ್ಲನ್ನು ಈಗ ಕೀಳಿಸಿದರೆ ಇಲ್ಲದ ಜಗಳ ಹುಟ್ಟೀತು ಎಂಬುದು ಅವರ ಅಭಿಪ್ರಾಯ. ಇದರಲ್ಲಿ ಲೋಕಜ್ಞಾನವುಂಟು. ಆದರೆ ನಲವತ್ತು ವರ್ಷದ ಮೌನವನ್ನು ಸಮ್ಮತಿಯೆಂದು ಓದಬಹುದೆ? ಎದ್ದು ನಿಂತವರಿಗೆ ನೆರೆಹೊರೆಯವರಿಂದ ಏನಾಗುತ್ತದೆಂದು ಬಲ್ಲವರು ಬಾಯಿ ಬಿಡುವುದಿಲ್ಲ. ಊರಿನ ವಿರುದ್ಧ ಮಾತಾಡಲು ಕಳೆದುಕೊಳ್ಳುವುದಕ್ಕೆ ಮನೆಯೂ ಇಲ್ಲದವನೇ ಬರಬೇಕಾಯಿತು.

ಒಕ್ಲಹೋಮದಲ್ಲಿ 2012ರಲ್ಲಿ ಇಂಥದೇ ಕಲ್ಲು ರಾಜ್ಯಭವನದ ಅಂಗಳಕ್ಕೆ ಬಂದಿತು. ಅದರ ವಿರುದ್ಧ ದಾವೆ ಹೂಡಿದವರಲ್ಲಿ ಮುಂದಾಳು ಒಬ್ಬ ಬ್ಯಾಪ್ಟಿಸ್ಟ್ ಪಾದ್ರಿ! ವರ್ಜೀನಿಯದ ಹಳೆಯ ಬ್ಯಾಪ್ಟಿಸ್ಟರ ಮಾತನ್ನು ಅವರು ಮರೆತಿರಲಿಲ್ಲ. 2015ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಕಲ್ಲನ್ನು ತೆಗೆಸಿತು. ಸಾರ್ವಜನಿಕ ಹಣ, ಆಸ್ತಿಗಳನ್ನು ಧರ್ಮದ ಕಾರ್ಯಕ್ಕೆ ಬಳಸಕೂಡದೆಂಬ ವಿಧಿಯನ್ನೇ ರಾಜ್ಯದ ಸಂವಿಧಾನದಿಂದ ತೆಗೆದುಹಾಕೋಣವೆಂದು ಕೆಲವರು 2016ರಲ್ಲಿ ಜನಮತಕ್ಕೆ ಹೋದರು. ಅಮೆರಿಕದಲ್ಲಿಯೇ ಅತ್ಯಂತ ಧರ್ಮನಿಷ್ಠವೆನಿಸಿದ ರಾಜ್ಯಗಳಲ್ಲೊಂದಾದ ಒಕ್ಲಹೋಮದ ಜನ, ಬೇಡ, ಆ ವಿಧಿ ಇರಲಿ ಎಂದು ಮತ ಹಾಕಿದರು. ನನಗೆ ಈ ಇಡೀ ಚರಿತ್ರೆಯಲ್ಲಿ ಬಹಳ ಮೆಚ್ಚಿಕೆಯಾದ ಘಟ್ಟ ಇದು.

ಇನ್ನು ಎರಡನೆಯ ಆಶ್ಚರ್ಯಕ್ಕೆ ಬರೋಣ. ‘ದೇವರಲ್ಲಿ ನಮ್ಮ ವಿಶ್ವಾಸ’ ಎಂಬ ವಾಕ್ಯದ ಮೇಲೂ ನಾಗರಿಕರು ಹಲವು ಸಲ ದಾವೆ ಹೂಡಿ ಸೋತಿದ್ದಾರೆ. 1970ರ ಒಂದು ತೀರ್ಪಿನಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ, ಇದು ದೇಶಾಭಿಮಾನದ, ವಿಧ್ಯುಕ್ತ ಸಂದರ್ಭದ ಮಾತು. ಧರ್ಮದ ಸ್ಥಾಪನೆಗೂ ಇದಕ್ಕೂ ಸಂಬಂಧವಿಲ್ಲ ಎಂದಿತು. 1984ರಲ್ಲಿ ನ್ಯಾಯಾಧೀಶ ಬ್ರೆನನ್, ಇಂಥ ಮಾತುಗಳು ಹೇಳಿ ಹೇಳಿ ತಮ್ಮ ಧಾರ್ಮಿಕ ಸತ್ವವನ್ನು ಕಳೆದುಕೊಂಡಿವೆ, ಆದ್ದರಿಂದಲೇ ಉಳಿಯಬಹುದೇನೋ ಎಂದು ಸೂಚಿಸಿದರು. ಎಂದರೆ, ದೇವರ ಹೆಸರು ಗೋಡೆಯ ಮೇಲೆ ಉಳಿಯಬೇಕಾದರೆ ಅದು ದೇವರ ಹೆಸರಾಗಿ ಉಳಿಯಕೂಡದು! ಭಕ್ತನಾದವನು ಇದನ್ನು ಗೆಲುವೆಂದು ಹೇಗೆ ತಾನೆ ಭಾವಿಸಿಯಾನು? ರೂಸ್‌ವೆಲ್ಟ್ 1907ರಲ್ಲಿ ಹೆದರಿದ್ದು ಇದಕ್ಕೇ. ಉತ್ಸವಮೂರ್ತಿಯನ್ನು ಕಚೇರಿಯ ಕಾಗದದೊತ್ತನ್ನಾಗಿ ಮಾಡಿಟ್ಟು, ನೋಡಿ, ದೇವರು ಇಲ್ಲಿಯೇ ಇದ್ದಾನೆ ಎಂದಂತಾಯಿತು.

ವಿರೋಧಿಸುವವರಿಗೂ ಒಂದು ಎಚ್ಚರಿಕೆ ಬೇಕು. ಕೆನಡದ ಕ್ವಿಬೆಕ್ ಪ್ರಾಂತದ ಶಾಸನಸಭೆಯಲ್ಲಿ 1936ರಿಂದ ಶಿಲುಬೆಯೊಂದು ಸಭಾಧ್ಯಕ್ಷರ ಪೀಠದ ಮೇಲ್ಗಡೆ ಇತ್ತು. ಅದನ್ನು ತೆಗೆಯಬೇಕೆಂದು 2008ರಲ್ಲಿ ಒಂದು ಆಯೋಗ ಶಿಫಾರಸು ಮಾಡಿದರೆ, ತೆಗೆಯಕೂಡದೆಂದು ಸಭೆ ನಿರ್ಣಯ ಮಾಡಿತು. 2019ರಲ್ಲಿ ಅಂತೂ ಅದನ್ನು ಇಳಿಸಿದರು. ಆದರೆ ಅದೇ ವರ್ಷ ಶಿಕ್ಷಕರು, ಪೋಲೀಸರು, ಸರ್ಕಾರಿ ವಕೀಲರು ಕೆಲಸದಲ್ಲಿರುವಾಗ ಧಾರ್ಮಿಕ ಚಿಹ್ನೆಗಳನ್ನು ಧರಿಸಕೂಡದೆಂಬ ಕಾನೂನನ್ನೂ ಆ ಸರ್ಕಾರ ತಂದಿತು. ಗೋಡೆಯ ಮೇಲಿನ ಶಿಲುಬೆ ಸರ್ಕಾರದ ಮಾತು. ಪಾಠ ಹೇಳುವ ಸಿಖ್ಖನ ರುಮಾಲು ಅವನ ಸ್ವಂತ ಮಾತು. ಮೊದಲನೆಯದನ್ನು ಇಳಿಸಿದ ನ್ಯಾಯವೇ ಎರಡನೆಯದನ್ನು ಕಾಪಾಡಬೇಕಾಗಿತ್ತು. ಸರ್ಕಾರ ಧರ್ಮದ ವಿಷಯದಲ್ಲಿ ಮೌನವಾಗಿರಲಿ ಎಂದರೆ ಪ್ರಜೆ ಮೌನವಾಗಿರಲಿ ಎಂದರ್ಥವಲ್ಲ. ಸರ್ಕಾರ ಮೌನವಾಗಿರಬೇಕಾದದ್ದೇ ಪ್ರಜೆಗಳು ತಂತಮ್ಮ ಮಾತಾಡಲೆಂದು.

ನಮ್ಮ ದೇಶದಲ್ಲಿ ಈ ಪ್ರಶ್ನೆ ಕಟ್ಟಡಗಳಿಗಿಂತ ಮೊದಲು ಸಂವಿಧಾನದ ಪೀಠಿಕೆಯಲ್ಲಿಯೇ ಎದ್ದಿತು. 1949ರ ಅಕ್ಟೋಬರ್ 17ರಂದು ಸಂವಿಧಾನ ಸಭೆಯಲ್ಲಿ, ಮಂಗಳೂರಿನಲ್ಲಿ ಹುಟ್ಟಿ, ಐ.ಸಿ.ಎಸ್. ಹುದ್ದೆ ಬಿಟ್ಟು ಸ್ವಾತಂತ್ರ್ಯದ ಹೋರಾಟಕ್ಕೆ ಇಳಿದಿದ್ದ ಎಚ್. ವಿ. ಕಾಮತರು, ಪೀಠಿಕೆ ‘ದೇವರ ಹೆಸರಿನಲ್ಲಿ’ ಎಂದು ಆರಂಭವಾಗಬೇಕೆಂದು ತಿದ್ದುಪಡಿ ತಂದರು. ಕೂಡಲೆ, ದೇವರೇಕೆ, ದೇವಿಯ ಹೆಸರೇಕಾಗಬಾರದು ಎಂದು ಅಸ್ಸಾಮಿನ ರೋಹಿಣಿ ಕುಮಾರ ಚೌಧುರಿ ಕೇಳಿದರು. ತಿರುವಾಂಕೂರಿನ ತಾಣು ಪಿಳ್ಳೆಯವರು, ತಾವು ದೈವಭಕ್ತರೇ ಆದರೂ ಇದು ನಂಬಿಕೆಯ ವಿಷಯದಲ್ಲಿ ಬಲಾತ್ಕಾರವಾಗುತ್ತದೆಂದರು. ವಿಚಾರಕ್ಕೂ ನಂಬಿಕೆಗೂ ಆರಾಧನೆಗೂ ಸ್ವಾತಂತ್ರ್ಯವೀಯುವ ಪೀಠಿಕೆಯಲ್ಲಿ ನಮ್ಮ ಭಾವನೆಯನ್ನು ಇತರರ ಮೇಲೆ ಹೇರಬಾರದೆಂದು ಹೃದಯನಾಥ ಕುಂಜ್ರು ವಾದಿಸಿದರು. ದೇವರನ್ನು ಮತಕ್ಕೆ ಹಾಕುವ ಸಂಕಟಕ್ಕೆ ನಮ್ಮನ್ನು ಗುರಿಮಾಡಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿ ಬೇಡಿಕೊಂಡರು. ಕಾಮತರು ಬಿಡಲಿಲ್ಲ. ಪರವಾಗಿ 41, ವಿರುದ್ಧ 68. ಬ್ರಾಡ್ಲಾನಂಥವನು ಆ ಸಭೆಯಲ್ಲಿ ಬೇಕಾಗಲಿಲ್ಲ. ಆ ಕೆಲಸವನ್ನು ಭಕ್ತರೇ ಮಾಡಿದರು. ಶಾಸಕರ ಪ್ರಮಾಣದಲ್ಲಿ ಮಾತ್ರ ದೇವರ ಹೆಸರು, ಸತ್ಯಪ್ರತಿಜ್ಞೆ ಎರಡಕ್ಕೂ ಎಡೆಯುಂಟು. ಆಯ್ಕೆ ಆಯಾ ವ್ಯಕ್ತಿಯದು.

ಹಾಗಾದರೆ ನಮ್ಮ ವಿಧಾನಸೌಧದ ಹಣೆಯ ಮೇಲೆ ಕೆಂಗಲ್ ಹನುಮಂತಯ್ಯನವರ ಕಾಲದಿಂದ ಬಂದ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ವಾಕ್ಯ? ಓದುಗರು ಈ ಪ್ರಶ್ನೆಯನ್ನು ಇಷ್ಟು ಹೊತ್ತಿಗೆ ತಾವೇ ಹಾಕಿಕೊಂಡಿರುತ್ತಾರೆ. ಅದು ಯಾವ ಮತದ ದೇವರ ಹೆಸರನ್ನೂ ಹೇಳುವುದಿಲ್ಲ; ಒಳಗೆ ಹೋಗುವ ಪ್ರಜೆಗೆ ನೀನು ಏನನ್ನು ನಂಬುತ್ತೀ ಎಂದು ಕೇಳುವುದೂ ಇಲ್ಲ. ಮೇಜಿನ ಆಚೆ ಕುಳಿತವನಿಗೆ, ಪೂಜೆಗೆ ಕುಳಿತವನ ಎಚ್ಚರದಿಂದ ಕೆಲಸ ಮಾಡು ಎಂದು ಹೇಳುವ ಮಾತೆಂದು ಅದನ್ನು ಓದಿದರೆ ನಾಸ್ತಿಕನೂ ತಲೆದೂಗಬಹುದು. ಆದರೆ ಅದೇ ವಾಕ್ಯವನ್ನು ತಿರುಗಿಸಿ ಓದುವ ದಾರಿಯೂ ಇದೆ: ಸರ್ಕಾರ ಮಾಡುವುದು ದೇವರ ಕೆಲಸವಾದರೆ, ಅದನ್ನು ಪ್ರಶ್ನಿಸಲು ನೀನು ಯಾರು? ಕಚೇರಿಯ ಮೆಟ್ಟಿಲು ಸವೆಸಿದವರು ಮೂರನೆಯ ಅರ್ಥವೊಂದನ್ನು ತಮಾಷೆಗೆ ಹೇಳುವುದುಂಟು: ಇಲ್ಲಿ ಕೆಲಸ ಆಗಬೇಕಾದರೆ ದೇವರೇ ಬಂದು ಮಾಡಬೇಕು! ಇಂಥ ವಾಕ್ಯವನ್ನು ಅಳಿಸಬೇಕೆಂದು ನಾನು ಹೇಳಲಾರೆ. ಅದರ ಮೊದಲನೆಯ ಅರ್ಥವನ್ನು ಉಳಿಸಿಕೊಡುವ ಹೊಣೆ ಮಾತ್ರ ಒಳಗೆ ಕುಳಿತವರದು; ಕಲ್ಲಿಗೆ ಆ ಶಕ್ತಿಯಿಲ್ಲ.

ಅಮೆರಿಕದಲ್ಲಿ ಈ ವ್ಯಾಜ್ಯ ಮುಗಿದಿಲ್ಲ. 2024ರಲ್ಲಿ ಲೂಯಿಸಿಯಾನ ರಾಜ್ಯ ತನ್ನ ಸರ್ಕಾರಿ ಶಾಲೆಗಳ ಪ್ರತಿಯೊಂದು ಕೊಠಡಿಯಲ್ಲೂ ದಶಾಜ್ಞೆ ತೂಗಬೇಕೆಂದು ಕಾನೂನು ಮಾಡಿತು. ತಂದೆತಾಯಿಗಳು ಕೋರ್ಟಿಗೆ ಹೋದರು. ದಾವೆ ಹೂಡಿದವರಲ್ಲಿ ಪಾದ್ರಿಗಳೂ ಇದ್ದರು. ಮಗುವಿಗೆ ದೇವರ ವಿಷಯ ಹೇಳಿಕೊಡುವುದು ನಮ್ಮ ಕೆಲಸ, ಅದನ್ನು ಸರ್ಕಾರಕ್ಕೆ ಗುತ್ತಿಗೆ ಕೊಟ್ಟಿಲ್ಲ ಎಂಬುದು ಅವರ ವಾದದ ತಿರುಳು. ಇನ್ನೂರು ನಲವತ್ತು ವರ್ಷದ ಹಿಂದೆ ವರ್ಜೀನಿಯದ ಬ್ಯಾಪ್ಟಿಸ್ಟರು ಕೇಳಿದ್ದೂ ಇಷ್ಟನ್ನೇ.